ಸಾಕಿದ ನಾಯಿಯನ್ನು ಬೇರೆ ಮನೆಗೆ ಕೊಡಬೇಕೇ? ನಿರ್ಧರಿಸುವುದು ಹೇಗೆ

ಬೇಸಿಗೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ರಾಯಚೂರಿನ ಅನೇಕ ಮನೆಗಳಲ್ಲಿ ಸಾಮಾನು ಕಟ್ಟುವ ಕೆಲಸ ನಡೆದಿರುತ್ತದೆ. ವರ್ಗಾವಣೆಯಾದ ಬ್ಯಾಂಕ್ ನೌಕರರು, ಶಕ್ತಿನಗರದ ಕ್ವಾರ್ಟರ್ಸ್ ತೆರವು ಮಾಡುವವರು, ಮಕ್ಕಳ ಓದಿಗೆಂದು ಬೆಂಗಳೂರಿಗೋ ಹೈದರಾಬಾದಿಗೋ ಹೊರಟವರು ಮಂಚ, ಬೀರು, ಗ್ಯಾಸ್ ಎಲ್ಲಕ್ಕೂ ದಾರಿ ಮಾಡಿದ ಮೇಲೆ ನಾಯಿಯ ವಿಚಾರಕ್ಕೆ ಬರುತ್ತಾರೆ. ಲಾರಿ ಬಾಗಿಲಿಗೆ ಬಂದು ನಿಂತಾಗ ಮಾಡುವ ಇಂಥ ತೀರ್ಮಾನ ಸರಿಯಾಗುವುದು ಅಪರೂಪ. ಮನೆ ಬದಲಿಸುವುದು ಖಚಿತವಾದ ದಿನವೇ, ಸಾಧ್ಯವಾದರೆ ಎರಡು ತಿಂಗಳು ಮೊದಲೇ, ಈ ಮಾತು ಮನೆಮಂದಿಯ ನಡುವೆ ಬರಬೇಕು.

ಕಾರಣವನ್ನು ಬರೆದಿಡಿ

ನಾಯಿ ಯಾಕೆ ಬೇಡವಾಗಿದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯುವುದು ಮೊದಲ ಕೆಲಸ. ‘ಬಹಳ ತ್ರಾಸ ಕೊಡುತ್ತದೆ’ ಎಂದು ಬರೆದರೆ ಸಾಲದು. ರಾತ್ರಿ ಬೊಗಳುತ್ತದೆಯೇ, ಬಂದವರ ಮೇಲೆ ಎಗರುತ್ತದೆಯೇ, ಅದರ ಊಟ, ಔಷಧದ ಖರ್ಚು ಹೊರೆಯಾಗಿದೆಯೇ, ಅಥವಾ ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಹಾಸಿಗೆ ಹಿಡಿದಿದ್ದಾರೆಯೇ ಎಂಬುದು ಸ್ಪಷ್ಟವಾಗಬೇಕು. ಹೀಗೆ ಬರೆದಾಗ ತೊಂದರೆ ನಾಯಿಯದೋ ಮನೆಯ ಪರಿಸ್ಥಿತಿಯದೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ನಾಯಿಯ ತೊಂದರೆಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದವು. ಮನೆಯ ತೊಂದರೆಗಳಲ್ಲಿ ಕೆಲವು ಮಾತ್ರ ಹಾಗೆ.

ವೈದ್ಯರಿಗೆ ತೋರಿಸದೆ ಸ್ವಭಾವವನ್ನು ದೂರಬೇಡಿ

ಶಾಂತವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರುಗುಟ್ಟತೊಡಗಿದರೆ, ಮುಟ್ಟಿದರೆ ಸಿಡಿದರೆ, ಅದಕ್ಕೆ ಎಲ್ಲೋ ನೋವಿದೆ ಎಂದೇ ಮೊದಲು ತಿಳಿಯಬೇಕು. ಕಿವಿಯ ಸೋಂಕು, ಹಲ್ಲುನೋವು, ಕೀಲುನೋವು, ವಯಸ್ಸಾದ ನಾಯಿಗಳಲ್ಲಿ ದೃಷ್ಟಿ ಮಂದವಾಗುವುದು, ಇವೆಲ್ಲ ಸ್ವಭಾವ ಕೆಟ್ಟಂತೆ ಕಾಣಿಸುತ್ತವೆ. ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರದಲ್ಲಿ ನಾಯಿ ಊಟ ಬಿಟ್ಟು ಮೂಲೆ ಸೇರುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತವೂ ಬರುತ್ತದೆ. ಬೇಗ ಪತ್ತೆಯಾದರೆ ಮಾತ್ರೆಗಳಿಂದ ಗುಣವಾಗುವ ಈ ರೋಗವನ್ನು ಸೋಮಾರಿತನವೆಂದು ಭಾವಿಸಿ ನಾಯಿಯನ್ನು ದಾಟಿಸಿಬಿಡುವವರಿದ್ದಾರೆ. ಉಣ್ಣೆ ನಾಯಿಯ ಮೈಮೇಲಷ್ಟೇ ಅಲ್ಲ, ಗೋಡೆಯ ಬಿರುಕುಗಳಲ್ಲೂ ಇರುವುದರಿಂದ ಮನೆಯನ್ನೂ ಸ್ವಚ್ಛ ಮಾಡಬೇಕಾಗುತ್ತದೆ.

ನಮ್ಮ ಭಾಗದ ಬಿಸಿಲಿನ ವಿಷಯವನ್ನು ಇಲ್ಲಿ ತುಸು ಹೆಚ್ಚು ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರು, ಬಳ್ಳಾರಿಗಳಲ್ಲಿ ನಾಯಿಯನ್ನು ಮಾಳಿಗೆಯ ಮೇಲೆ ಗಿಡ್ಡ ಸರಪಳಿಯಲ್ಲಿ ಕಟ್ಟಿದರೆ ಅದು ದಿನವಿಡೀ ಬೊಗಳದೆ ಇನ್ನೇನು ಮಾಡೀತು? ನಾಯಿಗೆ ಮೈತುಂಬ ಬೆವರುವ ಅನುಕೂಲವಿಲ್ಲ; ನಾಲಿಗೆ ಚಾಚಿ ಏದುಸಿರು ಬಿಡುತ್ತಲೇ ಅದು ಮೈಯ ಬಿಸಿಯನ್ನು ಇಳಿಸಿಕೊಳ್ಳಬೇಕು. ಮೈಶಾಖ 41 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಮೊಂಡು ಮೂಗಿನ ಪಗ್, ಚಳಿಯ ನಾಡಿನ ಹಸ್ಕಿಗಳಿಗೆ ಈ ಬಿಸಿಲು ಇನ್ನೂ ಕಠಿಣ. ನೆರಳು, ನೀರು, ಬೆಳಗಿನ ಆರು ಗಂಟೆಯೊಳಗೆ ಒಂದು ಸುತ್ತು ಓಡಾಟ ಸಿಕ್ಕರೆ ಅರ್ಧದಷ್ಟು ದೂರುಗಳು ತಾನಾಗಿಯೇ ಕಡಿಮೆಯಾಗುತ್ತವೆ ಎಂಬುದು ನನ್ನ ಅಭಿಪ್ರಾಯ. ಬೇಟೆಗೂ ಓಟಕ್ಕೂ ಹೇಳಿಮಾಡಿಸಿದ ಮುಧೋಳ ನಾಯಿಯನ್ನು ಇಕ್ಕಟ್ಟಾದ ಮನೆಯಲ್ಲಿ ಕಟ್ಟಿಹಾಕಿ ‘ಇದು ಮಾತು ಕೇಳುವುದಿಲ್ಲ’ ಎನ್ನುವುದು ನ್ಯಾಯವಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕ ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೂ ಹೌದು.

ಚಿಕಿತ್ಸೆ ಮತ್ತು ದಿನಚರಿಯ ಬದಲಾವಣೆಗೆ ಆರೆಂಟು ವಾರಗಳ ಗಡುವು ಇಟ್ಟುಕೊಳ್ಳಿ. ಈ ಅವಧಿಯಲ್ಲಿ ಏನು, ಯಾವಾಗ, ಯಾರ ಎದುರಿಗೆ ಆಯಿತೆಂದು ಕ್ಯಾಲೆಂಡರಿನ ಮೇಲೆಯೇ ಗುರುತು ಹಾಕಿದರೂ ಸಾಕು. ಮರಿಯ ಕಚ್ಚಾಟ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ನಾಲ್ಕರಿಂದ ಆರು ತಿಂಗಳ ವಯಸ್ಸಿನ ನಂತರ ಸಾಮಾನ್ಯವಾಗಿ ತಗ್ಗುತ್ತದೆ. ಗಂಡು ನಾಯಿ ತಪ್ಪಿಸಿಕೊಂಡು ಅಲೆಯುವುದು ಸಂತಾನಹರಣ ಶಸ್ತ್ರಚಿಕಿತ್ಸೆಯ ಬಳಿಕ ಎಷ್ಟೋ ಕಡಿಮೆಯಾಗುತ್ತದೆ.

ಕಚ್ಚಿದ್ದರೆ

ಇಲ್ಲಿ ಗಡುವಿನ ಮಾತು ನಡೆಯುವುದಿಲ್ಲ. ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ನಾಯಿಗೆ ಲಸಿಕೆ ಆಗಿದ್ದರೂ ಸರಿಯೇ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ, ಕಾರದಪುಡಿ ಹಚ್ಚಬಾರದು. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿ ಇಟ್ಟು ಗಮನಿಸಬೇಕು. ಆದರೆ ಕಚ್ಚಿಸಿಕೊಂಡವರ ಚುಚ್ಚುಮದ್ದು ಆ 10 ದಿನ ಕಾಯುವಂತಿಲ್ಲ. ಸಿಟ್ಟಿನಲ್ಲಿ ನಾಯಿಯನ್ನು ಅಂದೇ ಯಾರಿಗೋ ಕೊಟ್ಟುಬಿಟ್ಟರೆ ಅದು ಬದುಕಿದೆಯೋ ಸತ್ತಿದೆಯೋ ತಿಳಿಯದೆ ವೈದ್ಯರೂ ಕತ್ತಲಲ್ಲಿ ಉಳಿಯುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು, ಕೆಣಕದೆಯೂ ಮತ್ತೆ ಮತ್ತೆ ಕಚ್ಚುವ ನಾಯಿಯಾದರೆ ಬೇರೆ ಮನೆ ಹುಡುಕುವುದೇ ಸರಿ; ಆದರೆ ಆ ಮನೆಯಲ್ಲಿ ಮಕ್ಕಳಿರಬಾರದು, ಕಚ್ಚಿದ ಸಂಗತಿಯನ್ನು ಮುಚ್ಚಿಡಲೂಬಾರದು.

ಊರು ಬಿಡುವವರು

ನಾಯಿಯನ್ನು ರೈಲಿನಲ್ಲಿ ಒಯ್ಯಲು ಬರುವುದಿಲ್ಲವೆಂದು ಹಲವರು ನಂಬಿದ್ದಾರೆ. ಮೊದಲ ದರ್ಜೆ ಎಸಿಯಲ್ಲಿ ಇಡೀ ಕೂಪೆ (ಇಬ್ಬರ ಕೋಣೆ) ಅಥವಾ ಕ್ಯಾಬಿನ್ (ನಾಲ್ವರ ಕೋಣೆ) ಕಾಯ್ದಿರಿಸಿದರೆ ಅದನ್ನು ಜೊತೆಗೇ ಇಟ್ಟುಕೊಳ್ಳಬಹುದು. ಇಲ್ಲವಾದರೆ ಪಾರ್ಸಲ್ ಕಚೇರಿಯಲ್ಲಿ ಬುಕ್ ಮಾಡಿ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆಯಲ್ಲಿ ಕಳಿಸಬಹುದು. ಹೊಸ ಊರಿನ ಮನೆ ಮಾಲೀಕರನ್ನು ಮುಂಗಡ ಹಣ ಕೊಡುವ ಮೊದಲೇ ಕೇಳಿ, ಕರಾರು ಪತ್ರದಲ್ಲಿ ಬರೆಸಿಕೊಳ್ಳಿ. ಗುಳೆ ಹೋಗುವ ಕುಟುಂಬಗಳ ಕಷ್ಟ ಬೇರೆಯದು: ಅವರು ಕೆಲವೇ ತಿಂಗಳಲ್ಲಿ ಮರಳುವವರು. ಅಂಥವರು ನಾಯಿಯನ್ನು ಕಾಯಂ ಕೊಡುವ ಬದಲು ಓಣಿಯ ಒಂದು ಮನೆಗೆ ಜೋಳವನ್ನೋ ಹಣವನ್ನೋ ಕೊಟ್ಟು ಒಪ್ಪಿಸಿ ಹೋಗುವುದೇ ಉತ್ತಮ.

ಅಲರ್ಜಿಯ ಕಾರಣ ಹೇಳುವವರು ಪರೀಕ್ಷೆ ಮಾಡಿಸಿ, ಅದು ನಾಯಿಯಿಂದಲೇ ಎಂದು ಖಚಿತಪಡಿಸಿಕೊಳ್ಳಲಿ. ಧೂಳು ನಮ್ಮಲ್ಲಿ ಕಡಿಮೆಯೇನಿಲ್ಲ.

ಕೊಡುವುದೇ ಆದರೆ

ಇಷ್ಟಾದ ಮೇಲೂ ಕೊಡುವುದೇ ಸರಿಯೆನಿಸಿದರೆ ಅದರಲ್ಲಿ ನಾಚಿಕೆಪಡುವುದೇನಿಲ್ಲ. ದಿನವಿಡೀ ಒಂಟಿಯಾಗಿ ಬಿದ್ದಿರುವ ನಾಯಿಗೆ ಜನರಿರುವ ಮನೆ ಸಿಗುವುದು ಒಳ್ಳೆಯದೇ. ಹತ್ತು ವರ್ಷ ದಾಟಿದ ನಾಯಿಯನ್ನು ಮಾತ್ರ, ಸಾಕಿದವರು ತೀರಿಕೊಂಡ ಅಥವಾ ಕೈಲಾಗದ ಸಂದರ್ಭದ ಹೊರತು, ಮನೆ ಬದಲಿಸಬಾರದೆಂದು ನಾನು ಹೇಳುತ್ತೇನೆ.

‘ಹೊಲಕ್ಕೆ ಬಿಟ್ಟುಬಿಡೋಣ, ಆರಾಮಾಗಿ ಇರುತ್ತದೆ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಿ ನೋಡಬೇಕು. ಗಂಗಾವತಿ, ಆನೆಗೊಂದಿ ಸುತ್ತಿನ ಬಂಡೆಗುಡ್ಡಗಳಲ್ಲಿ ಚಿರತೆಗಳಿವೆ, ನಾಯಿ ಅವುಗಳಿಗೆ ಸುಲಭದ ಬೇಟೆ. ಭತ್ತ, ಹತ್ತಿ, ಮೆಣಸಿನಕಾಯಿ ಹೊಲಗಳಲ್ಲಿ ಕೀಟನಾಶಕ ಬೆರೆತ ನೀರು ಇರುತ್ತದೆ. ಸೋಫಾದ ಕೆಳಗೆ ಬೆಳೆದ ನಾಯಿಗೆ ಇವೆಲ್ಲ ಗೊತ್ತಿಲ್ಲ. ಹೊಲದಲ್ಲೇ ವಾಸವಿರುವ ಕುಟುಂಬವಿದ್ದು, ರಾತ್ರಿ ನಾಯಿಯನ್ನು ಒಳಗೆ ಕರೆದುಕೊಳ್ಳುವುದಾದರೆ ಮಾತ್ರ ಒಪ್ಪಬಹುದು. ಮಾರುಕಟ್ಟೆಯ ಬಳಿಯೋ ಹೆದ್ದಾರಿ ಢಾಬಾದ ಮುಂದೆಯೋ ಇಳಿಸಿ ಬರುವುದಂತೂ ಮೇಲೆ ಹೇಳಿದ ಕಾಯ್ದೆಯನ್ವಯ ಅಪರಾಧ. ಮೊದಲ ಬಾರಿಯ ದಂಡ 10ರಿಂದ 50 ರೂಪಾಯಿ ಮಾತ್ರವಿರುವುದರಿಂದ ಯಾರೂ ಹೆದರುವುದಿಲ್ಲ, ಅದು ಬೇರೆ ಮಾತು.

ಬಂಧುಗಳು, ಪರಿಚಿತರು, ನಾಯಿಯನ್ನು ಈಗಾಗಲೇ ಬಲ್ಲವರು, ಈ ಕ್ರಮದಲ್ಲಿ ಕೇಳುತ್ತ ಹೋಗಿ. ಒಪ್ಪಿದವರ ಮನೆಯನ್ನು ನೀವೇ ಹೋಗಿ ನೋಡಬೇಕು. ಗೇಟು ಇದೆಯೇ, ಹಗಲು ಯಾರಿರುತ್ತಾರೆ, ಮೊದಲು ಸಾಕಿದ ನಾಯಿ ಏನಾಯಿತು ಎಂದು ಕೇಳಲು ಸಂಕೋಚ ಬೇಡ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಹಳಷ್ಟು ತಿಳಿಯುತ್ತದೆ. ಜಾತಿ ನಾಯಿಯ ಹೆಣ್ಣನ್ನೇ ಕೇಳಿಕೊಂಡು ಬರುವವರು ಮರಿ ಮಾರುವ ಉದ್ದೇಶದವರಿರಬಹುದಾದ್ದರಿಂದ ಶಸ್ತ್ರಚಿಕಿತ್ಸೆ ಮಾಡಿಸಿದ ಮೇಲೆಯೇ ಕೊಡಿ.

ಮಕ್ಕಳಿಗೆ ‘ನಾಯಿ ಓಡಿಹೋಯಿತು’ ಎಂದು ಸುಳ್ಳು ಹೇಳುವುದು ಬೇಡ. ಅವರು ಓಣಿ ಓಣಿ ಹುಡುಕುತ್ತಾರೆ. ಹೊಸ ಮನೆಗೆ ಅವರನ್ನೂ ಒಮ್ಮೆ ಕರೆದೊಯ್ಯಿರಿ.

ಒಪ್ಪಿಸುವ ದಿನ ಲಸಿಕೆಯ ಕಾರ್ಡು, ಔಷಧದ ಚೀಟಿ, ಅದು ಮಲಗುತ್ತಿದ್ದ ಹಳೆಯ ಕೌದಿ, ಒಂದು ವಾರದ ಅದೇ ಊಟ ಜೊತೆಗಿರಲಿ. ಮೊದಲ ಎರಡು ವಾರ ನಾಯಿ ಹಳೆಯ ಮನೆಗೆ ಮರಳಲು ಯತ್ನಿಸಬಹುದಾದ್ದರಿಂದ ಕೊರಳಪಟ್ಟಿಯಲ್ಲಿ ಎರಡೂ ಮನೆಯವರ ಫೋನ್ ನಂಬರು ಇರಬೇಕು, ಹಗ್ಗವಿಲ್ಲದೆ ಹೊರಗೆ ಬಿಡಬಾರದು. ಒಂದು ಹಾಳೆಯಲ್ಲಿ ನಾಯಿಯ ವಯಸ್ಸು, ರೋಗಗಳು, ಕಚ್ಚಿದ್ದರೆ ಆ ವಿವರ, ಕೊಟ್ಟ ದಿನಾಂಕ ಬರೆದು ಇಬ್ಬರೂ ಸಹಿ ಮಾಡಿ. ಹೊಂದಾಣಿಕೆಯಾಗದಿದ್ದರೆ ಮೂರನೆಯವರಿಗೆ ದಾಟಿಸದೆ ನಿಮಗೇ ಮರಳಿಸಬೇಕೆಂಬ ಒಂದು ಸಾಲನ್ನು ಆ ಹಾಳೆಯಲ್ಲಿಯೇ ಸೇರಿಸಿ.