ಏಳು ಗುಳಿ, ಎರಡು ಸ್ಪ್ರೈಟ್: ಅಟಾರಿ 2600ಕ್ಕೆ ಅಳಗುಳಿ ಮಣೆ ಬರೆದ ಅನುಭವ

ಟಿವಿಗೆ ಜೋಡಿಸಿ ಆಡುವ ಹಳೆಯ ವಿಡಿಯೊ ಗೇಮ್ ಯಂತ್ರ ಅಟಾರಿ 2600ರ ಮಾತು ಬಂದಾಗಲೆಲ್ಲ ಎಲ್ಲರೂ ಮೊದಲು ಹೇಳುವುದು ಅದರ 128 ಬೈಟ್ ಮೆಮೊರಿಯ ಬಗ್ಗೆ. 1977ರಲ್ಲಿ ಮಾರುಕಟ್ಟೆಗೆ ಬಂದ ಆ ಯಂತ್ರದ ಆಟಗಳು ಅಷ್ಟು ಸರಳವಾಗಿದ್ದುದಕ್ಕೆ ಅದೇ ಕಾರಣ ಎನ್ನುತ್ತಾರೆ. ಆ ಯಂತ್ರಕ್ಕಾಗಿ ಅಳಗುಳಿ ಮಣೆಯನ್ನು ಅಸೆಂಬ್ಲಿ ಭಾಷೆಯಲ್ಲಿ, ಅಂದರೆ ಪ್ರೊಸೆಸರ್‌ಗೆ ಒಂದೊಂದೇ ಆದೇಶ ಕೊಡುವ ಭಾಷೆಯಲ್ಲಿ, ಬರೆದ ಮೇಲೆ ನನಗೆ ಈ ವಿವರಣೆ ಒಪ್ಪಿಗೆಯಾಗುವುದಿಲ್ಲ. ಹದಿನಾಲ್ಕು ಗುಳಿಗಳ ಲೆಕ್ಕಕ್ಕೆ ಹದಿನಾಲ್ಕು ಬೈಟ್ ಸಾಕು. ಮೆಮೊರಿ ಧಾರಾಳವಾಗಿ ಉಳಿಯಿತು. ನನ್ನ ಆಟದ ರೂಪವನ್ನು ನಿರ್ಧರಿಸಿದ್ದು ಸಮಯ, ಅದೂ ಪರದೆಯ ಒಂದೇ ಒಂದು ಅಡ್ಡಗೆರೆ ಮೂಡುವಷ್ಟು ಸಮಯ.

ಇಂದಿನ ಕಂಪ್ಯೂಟರ್ ಇಡೀ ಚಿತ್ರವನ್ನು ಮೆಮೊರಿಯಲ್ಲಿ ಸಿದ್ಧಪಡಿಸಿಕೊಂಡು ಪರದೆಗೆ ಕಳುಹಿಸುತ್ತದೆ. 2600ರಲ್ಲಿ ಚಿತ್ರವನ್ನು ಇಟ್ಟುಕೊಳ್ಳುವ ಜಾಗವೇ ಇಲ್ಲ. ಹಳೆಯ ಟಿವಿಯ ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತ ಕೆಳಗಿಳಿಯುವಾಗ, ಪ್ರತಿ ಗೆರೆಯಲ್ಲಿ ಏನು ಕಾಣಬೇಕೆಂದು ನಮ್ಮ ಪ್ರೋಗ್ರಾಂ ಚಿತ್ರ ಮೂಡಿಸುವ ಟಿಐಎ ಚಿಪ್‌ಗೆ ಆಗಿಂದಾಗಲೇ ಹೇಳುತ್ತಿರಬೇಕು. ಒಂದು ಗೆರೆಗೆ ಸಿಗುವುದು 76 ಸೈಕಲ್, ಅಂದರೆ ಪ್ರೊಸೆಸರ್ ಗಡಿಯಾರದ 76 ಬಡಿತ. ಅತಿ ಚಿಕ್ಕ ಆದೇಶಕ್ಕೂ ಎರಡು ಸೈಕಲ್ ಬೇಕು. ಚಿಪ್‌ನಲ್ಲಿರುವುದು ಎಂಟು ಪಿಕ್ಸೆಲ್ ಅಗಲದ ಎರಡು ಸ್ಪ್ರೈಟ್ (ಪರದೆಯ ಮೇಲೆ ಬೇಕಾದಲ್ಲಿ ಇಡಬಹುದಾದ ಚಿಕ್ಕ ಚಿತ್ರ), ಎರಡು ಮಿಸೈಲ್, ಒಂದು ಚೆಂಡು ಮತ್ತು ಒರಟಾದ ಹಿನ್ನೆಲೆ, ಅಷ್ಟೆ. ಆರ್ಕೇಡ್‌ನ, ಅಂದರೆ ನಾಣ್ಯ ಹಾಕಿ ಆಡುವ ಯಂತ್ರಗಳ, ಪಾಂಗ್ ಮತ್ತು ಟ್ಯಾಂಕ್ ಆಟಗಳನ್ನು ಮನೆಗೆ ತರಲೆಂದು ರೂಪಿಸಿದ ಯಂತ್ರವಾದ್ದರಿಂದ ಇಬ್ಬರು ಆಟಗಾರರು, ಅವರ ಗುಂಡುಗಳು ಮತ್ತು ಒಂದು ಚೆಂಡು ಇದ್ದರೆ ಸಾಕಿತ್ತು.

ಅಳಗುಳಿ ಮಣೆಯಲ್ಲಿ ಒಂದು ಸಾಲಿಗೆ ಏಳು ಗುಳಿ. ಪ್ರತಿ ಗುಳಿಯಲ್ಲಿ ಎಷ್ಟು ಕಾಯಿ ಇವೆ ಎಂಬ ಅಂಕಿ ಕಾಣಬೇಕು. ಚಿಪ್ ಪ್ರತಿ ಸ್ಪ್ರೈಟ್‌ನ ಮೂರು ಪ್ರತಿಗಳನ್ನು ಅಕ್ಕಪಕ್ಕ ತೋರಿಸಬಲ್ಲದು, ಅಂದರೆ ಹೆಚ್ಚೆಂದರೆ ಆರು. ಆರ್ಕೇಡ್‌ನ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಒಂದು ಸಾಲಿಗೆ ಹನ್ನೊಂದು ಶತ್ರುಗಳಿದ್ದರೆ, 1980ರ ಅಟಾರಿ ಆವೃತ್ತಿಯಲ್ಲಿ ಆರೇ ಇರುವುದು ಇದೇ ಲೆಕ್ಕದಿಂದ. ಏಳನೆಯ ಗುಳಿಗೆ ಎಲ್ಲಿಂದ ತರುವುದು?

ದಾರಿಯೊಂದಿತ್ತು. 1979ರ ವಿಡಿಯೊ ಚೆಸ್‌ಗಾಗಿ ಬಾಬ್ ವೈಟ್‌ಹೆಡ್ ಒಂದೇ ಸಾಲಿನಲ್ಲಿ ಎಂಟು ಕಾಯಿಗಳನ್ನು ತೋರಿಸಿದ್ದರು. ಒಂದು ಗೆರೆಯಲ್ಲಿ ಕೆಲವು ಕಾಯಿ, ಮುಂದಿನ ಗೆರೆಯಲ್ಲಿ ಉಳಿದವು. ಹೀಗೆ ಸೀಳುಸೀಳಾದ ಚಿತ್ರವನ್ನು ಕಣ್ಣೇ ಕೂಡಿಸಿಕೊಳ್ಳುತ್ತದೆ. ಅವರ ಚಾತುರ್ಯದ ಬಗ್ಗೆ ನನಗೆ ಅಪಾರ ಗೌರವವಿದೆ. ಅದೇ ವರ್ಷ ಅವರು ಡೇವಿಡ್ ಕ್ರೇನ್, ಅಲನ್ ಮಿಲ್ಲರ್, ಲ್ಯಾರಿ ಕಪ್ಲಾನ್ ಜೊತೆ ಅಟಾರಿ ಬಿಟ್ಟು ಆಕ್ಟಿವಿಷನ್ ಎಂಬ ಆಟದ ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. ಆಟ ಬರೆದವರ ಹೆಸರನ್ನು ಮರೆಮಾಡುತ್ತಿದ್ದ ಕಾಲದಲ್ಲಿ ಆ ಕಂಪನಿ ಅದನ್ನು ಮುಕ್ತವಾಗಿ ಮುದ್ರಿಸಿತು. ಒಂದೊಂದು ಗೆರೆಗಾಗಿ ಇಷ್ಟು ತಲೆ ಓಡಿಸಿದವರು ಹೆಸರು ಕೇಳಿದ್ದು ನ್ಯಾಯವೇ.

ಆದರೆ ಚೆಸ್ ಕಾಯಿಯ ಆಕಾರ ಸೀಳಾದರೂ ಗುರುತು ಸಿಗುತ್ತದೆ. ಚಿಕ್ಕ ಅಂಕಿಗಳು ಸೀಳಾದರೆ 3 ಯಾವುದು, 8 ಯಾವುದು ತಿಳಿಯುವುದಿಲ್ಲ. ಹಾಗಾಗಿ ನಾನು ಮಣೆಯನ್ನೇ ತಿರುಗಿಸಿ ನಿಲ್ಲಿಸಿದೆ. ಎಡಕ್ಕೆ ಏಳು ಗುಳಿಗಳ ಒಂದು ಕಂಬ, ಬಲಕ್ಕೆ ಇನ್ನೊಂದು. ಈಗ ಯಾವ ಗೆರೆಯಲ್ಲೂ ಎರಡಕ್ಕಿಂತ ಹೆಚ್ಚು ಗುಳಿಗಳಿಲ್ಲ. ಎರಡು ಸ್ಪ್ರೈಟ್ ಸಾಕು. ಕಿರಣ ಒಂದು ಜೋಡಿಯನ್ನು ದಾಟಿದೊಡನೆ ಅದೇ ಸ್ಪ್ರೈಟ್‌ಗಳಿಗೆ ಮುಂದಿನ ಜೋಡಿಯ ಅಂಕಿ ತುಂಬುತ್ತೇನೆ. ಹತ್ತು ದಾಟಿದರೆ ಮೂರು ಪಿಕ್ಸೆಲ್ ಅಗಲದ ಎರಡು ಅಂಕಿ, ನಡುವೆ ಒಂದು ಪಿಕ್ಸೆಲ್ ಬಿಡುವು, ಎಂಟರೊಳಗೆ ಹಿಡಿಯುತ್ತದೆ. ಪ್ರತಿ ಜೋಡಿಗೆ 24 ಗೆರೆಯಂತೆ 168; ಚಿತ್ರದ ಒಟ್ಟು 192 ಗೆರೆಗಳಲ್ಲಿ ಉಳಿದ 24 ಗೆರೆ ಗೆದ್ದ ಕಾಯಿಗಳ ಲೆಕ್ಕಕ್ಕೆ. ಎರಡೂ ಬದಿ ಒಂದೇ ರೀತಿ ಇರುವುದರಿಂದ ಮಣೆಯ ಎಡ ಅರ್ಧವನ್ನು ಮಾತ್ರ ಬರೆದರೆ ಚಿಪ್ ಬಲಕ್ಕೆ ಅದನ್ನೇ ಕನ್ನಡಿಯಂತೆ ಮೂಡಿಸುತ್ತದೆ.

ಅಡ್ಡಕ್ಕೆ ಜಿಪುಣ, ಉದ್ದಕ್ಕೆ ಉದಾರಿ: ಆ ಯಂತ್ರದ ಗುಣವೇ ಹಾಗೆ. ಡೇವಿಡ್ ಕ್ರೇನ್ ಅವರ ರಸ್ತೆ ದಾಟುವ ಆಟ ಫ್ರೀವೇಯಲ್ಲಿ ಒಂದರ ಕೆಳಗೊಂದು ಹತ್ತು ಪಥಗಳು ಇರುವುದು ಏಕೆಂದು ನನಗೆ ಸರಿಯಾಗಿ ಅರ್ಥವಾದದ್ದು ಆಗಲೇ.

ತಿರುಗಿಸಿದ ಮಣೆ ಆಡುವ ರೀತಿಯನ್ನೂ ಬದಲಿಸಿತು. ಮನೆಯಲ್ಲಿ ಇಬ್ಬರು ಎದುರುಬದುರಾಗಿ ಕುಳಿತು ಆಡುವ ಆಟ. ಟಿವಿಯ ಮುಂದೆ ಅಕ್ಕಪಕ್ಕ ಕೂರುತ್ತಾರೆ. ಎಡಗಡೆಯವರಿಗೆ ಎಡ ಕಂಬ, ಬಲಗಡೆಯವರಿಗೆ ಬಲ ಕಂಬ. ಹುಣಸೆ ಬೀಜ ಎಡದಲ್ಲಿ ಇಳಿಯುತ್ತ ಹೋಗಿ ಬಲದಲ್ಲಿ ಏರುತ್ತ ಬರುತ್ತದೆ.

ಒಬ್ಬರೇ ಆಡುವಾಗ ಯಂತ್ರ ಯೋಚಿಸಬೇಕು. ವಿಡಿಯೊ ಚೆಸ್ ಯೋಚಿಸುವಾಗ ಮಣೆ ಮಾಯವಾಗಿ ಪರದೆ ಬಣ್ಣ ಬದಲಿಸುತ್ತ ಇರುತ್ತದೆ. ಚಿತ್ರ ಬಿಡಿಸುವುದು, ಲೆಕ್ಕ ಹಾಕುವುದು ಎರಡಕ್ಕೂ ಇರುವುದು ಒಂದೇ ಪ್ರೊಸೆಸರ್. ನನಗೆ ಮಣೆ ಕಣ್ಣೆದುರೇ ಇರಬೇಕಿತ್ತು. ಆದ್ದರಿಂದ ಮಣೆಯ ಇನ್ನೊಂದು ಪ್ರತಿಯನ್ನು ಮೆಮೊರಿಯಲ್ಲಿಟ್ಟು, ಚಿತ್ರದ ಮೇಲೂ ಕೆಳಗೂ ಖಾಲಿ ಹೋಗುವ ಗೆರೆಗಳ ಅವಧಿಯಲ್ಲಿ ಒಂದಿಷ್ಟು ಕಾಯಿ ಬಿಟ್ಟು ನೋಡಿ, ನಿಂತ ಜಾಗವನ್ನು ನೆನಪಿಟ್ಟು, ಮುಂದಿನ ಫ್ರೇಮ್‌ನಲ್ಲಿ, ಅಂದರೆ ಪರದೆಯ ಮುಂದಿನ ಪೂರ್ಣ ಚಿತ್ರದ ಹೊತ್ತಿಗೆ, ಅಲ್ಲಿಂದ ಮುಂದುವರಿಸುತ್ತೇನೆ. ಏಳೂ ಗುಳಿಗಳನ್ನು ಪರೀಕ್ಷಿಸಿದರೂ ಆಡುವವರಿಗೆ ಕಾದಂತೆ ಅನಿಸುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಯಂತ್ರದ ಮೇಲಿನ, ಆಟದ ಬಗೆಯನ್ನು ಆರಿಸುವ ಗೇಮ್ ಸೆಲೆಕ್ಟ್ ಸ್ವಿಚ್. ಯಂತ್ರದ ಜೊತೆಗೇ ಬರುತ್ತಿದ್ದ ಕಾಂಬ್ಯಾಟ್‌ನಲ್ಲಿ 27 ಬಗೆಗಳಿದ್ದವು, ಸ್ಪೇಸ್ ಇನ್ವೇಡರ್ಸ್‌ನಲ್ಲಿ 112. ಮನೆಮನೆಗೂ ನಿಯಮ ಬದಲಾಗುವ ಅಳಗುಳಿ ಮಣೆಗೆ ಇದಕ್ಕಿಂತ ಒಪ್ಪುವ ಸ್ವಿಚ್ ಇನ್ನೊಂದಿಲ್ಲ. ಮೊದಲ ಬಗೆಯಲ್ಲಿ ಗುಳಿಗೆ ನಾಲ್ಕು ಕಾಯಿ, ಎರಡನೆಯದರಲ್ಲಿ ಐದು. ಖಾಲಿ ಗುಳಿಯನ್ನು ಬೆರಳಿನಿಂದ ಸವರಿ ಅದರಾಚೆಯ ಕಾಯಿಗಳನ್ನು ಎತ್ತಿಕೊಳ್ಳುವ ನಿಯಮ ಎರಡರಲ್ಲೂ ಇದೆ. ಅದಿಲ್ಲದೆ ಆಡುವವರಿಗಾಗಿ ಮೂರನೆಯದನ್ನು ಈಗ ಬರೆಯುತ್ತಿದ್ದೇನೆ. ಆಟವನ್ನು ತುಂಬಿ ಯಂತ್ರಕ್ಕೆ ಸಿಕ್ಕಿಸುವ 4 ಕಿಲೋಬೈಟ್ ಕಾರ್ಟ್ರಿಜ್‌ನಲ್ಲಿ ಅದಕ್ಕೆ ಜಾಗವಿದೆ.