ಕೀಮೋ ನಡುವೆ ಟೈಲರ್ ಅಂಗಡಿ ನಡೆಸೋದು ಹೇಗೆ

ಹನುಮಂತನಗರದಲ್ಲಿ ನನ್ನದೊಂದು ಲೇಡೀಸ್ ಟೈಲರ್ ಅಂಗಡಿ. ಎರಡು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ನಾನು, ಜೊತೆಗೊಬ್ಬ ಹುಡುಗಿ. ನನಗೆ ದೊಡ್ಡ ಕರುಳಿನ ಕ್ಯಾನ್ಸರ್, ಲಿವರ್‌ಗೂ ಹೋಗಿದೆ. ನಾಲ್ಕನೇ ಸ್ಟೇಜು. ಎಷ್ಟು ಕೀಮೋ ಅಂತ ಕೇಳಿದ್ದಕ್ಕೆ ಡಾಕ್ಟರು, "ಅದು ಕೆಲಸ ಮಾಡೋವರೆಗೆ, ನೀವು ತಡ್ಕೊಳ್ಳೋವರೆಗೆ" ಅಂದರು. ಎಲ್ಲ ಮುಗಿಸಿಕೊಂಡು ಆಮೇಲೆ ಅಂಗಡಿ ತೆಗೆಯೋಣ ಅನ್ನೋ ಲೆಕ್ಕ ಅಲ್ಲಿಗೆ ಹೋಯ್ತು. ಕೀಮೋ ಜೊತೆಗೇ ನಡೆಸಬೇಕು.

ಮೊದಲು ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿ ಕೂತ್ಕೊಳ್ಳಿ. ನನ್ನದು 14 ದಿನಕ್ಕೊಂದು ಸುತ್ತು. ಸೋಮವಾರ ಹೊಸೂರು ರಸ್ತೆಯ ಕಿದ್ವಾಯಿಯಲ್ಲಿ ಡ್ರಿಪ್. ಅಲ್ಲಿಂದ 46 ಗಂಟೆ ಔಷಧ ಹರಿಸೋ ಪಂಪನ್ನ ಸೊಂಟದ ಚೀಲದಲ್ಲಿಟ್ಟುಕೊಂಡು ಮನೆಗೆ. ಬುಧವಾರ ಅದನ್ನ ತೆಗೆಸಿದ ಮೇಲೆ ಶನಿವಾರದವರೆಗೂ ಹಾಸಿಗೆ. ಆ ವಾರ ಅಂಗಡಿ ಹುಡುಗಿಯದು: ಫಾಲ್ಸು, ಝಿಗ್‌ಜಾಗು, ಆಲ್ಟ್ರೇಷನ್ನು, ಅಷ್ಟೇ. ಕಟಿಂಗ್ ಎಲ್ಲ ಎರಡನೇ ವಾರ ನನ್ನ ಕೈಲಿ. ಡೆಲಿವರಿ ಕೊಡೋದು ಆ ವಾರದ ಶುಕ್ರವಾರ ಮಾತ್ರ.

ಮುಂದಿನ ಡ್ರಿಪ್ಪಿಗೆ ಮುಂಚಿನ ಶನಿವಾರ ರಕ್ತ ಪರೀಕ್ಷೆ. ಬಿಳಿ ಕಣವೋ ಪ್ಲೇಟ್‌ಲೆಟ್ಟೋ ಕಮ್ಮಿ ಬಂದರೆ ಕೀಮೋ ಒಂದು ವಾರ ಮುಂದಕ್ಕೆ, ನಿಮ್ಮ ಕ್ಯಾಲೆಂಡರೆಲ್ಲ ತಲೆಕೆಳಗು. ಅದಕ್ಕೇ ಮದುವೆ ಬ್ಲೌಸಿಗೆ ನಾನು ಹೇಳೋ ತಾರೀಖು ಮುಹೂರ್ತಕ್ಕಿಂತ ಮೂರು ವಾರ ಮುಂಚೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ನೂರು ಬ್ಲೌಸ್ ತಗೋತಿದ್ದೋಳು, ಈ ಸಲ ಮೂವತ್ತಕ್ಕೆ ನಿಲ್ಲಿಸಿದೆ. ಹೊಟ್ಟೆ ಉರೀತು, ಸುಳ್ಳು ಯಾಕೆ ಹೇಳಲಿ. ಆದರೆ ಮೂವತ್ತೂ ಟೈಮಿಗೆ ಕೊಟ್ಟೆ.

ಎರಡನೇ ವಾರ ಮೈ ಹಗುರಾಗುತ್ತೆ, ಊಟ ಸೇರುತ್ತೆ. ಆದರೆ ಸೋಂಕು ತಡೆಯೋ ಬಿಳಿ ಕಣ ಇಳಿದಿರೋದೂ ಹೆಚ್ಚಾಗಿ ಆ ದಿನಗಳಲ್ಲೇ. ಟ್ರಯಲ್‌ಗೆ ಒಬ್ಬೊಬ್ಬರನ್ನೇ ಟೈಮ್ ಕೊಟ್ಟು ಕರೀರಿ. ನೆಗಡಿ ಇದ್ದೋರಿಗೆ "ಮುಂದಿನ ವಾರ ಬನ್ನಿ ಅಕ್ಕ" ಅನ್ನೋಕೆ ಸಂಕೋಚ ಬೇಡ. ಡ್ರಾಯರಿನಲ್ಲಿ ಟೇಪಿನ ಪಕ್ಕ ಥರ್ಮಾಮೀಟರ್ ಇರಲಿ. 100.4 ದಾಟಿತಾ, ಮಿಷನ್ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ, ರಾತ್ರಿ ಎರಡು ಗಂಟೆ ಆದರೂ ಸರಿ. ನಾನೊಮ್ಮೆ ಡೋಲೋ ನುಂಗಿ ಒಂದು ಲೈನಿಂಗ್ ಮುಗಿಸೋಣ ಅಂತ ಕೂತೆ. ಐದು ದಿನ ಅಡ್ಮಿಟ್ ಆದೆ.

ಇನ್ನು ಕೈ. ನನ್ನ ಡ್ರಿಪ್ಪಿನಲ್ಲಿ ಆಕ್ಸಾಲಿಪ್ಲಾಟಿನ್ ಅಂತ ಒಂದು ಔಷಧ ಇದೆ. ಅದಾದ ಮೇಲೆ ತಣ್ಣಗಿರೋದು ಏನು ಮುಟ್ಟಿದರೂ ಕರೆಂಟ್ ಹೊಡೆದ ಹಾಗಾಗುತ್ತೆ. ಡಿಸೆಂಬರ್ ಬೆಳಿಗ್ಗೆ ಶಟರ್ ಎತ್ತೋದು ಹುಡುಗಿಯ ಕೆಲಸ. ಕತ್ತರಿ ಹಿಡಿಗೆ ಹಳೇ ಕಾಟನ್ ಬಟ್ಟೆ ಸುತ್ತಿದ್ದೀನಿ. ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಸುತ್ತು ಹೆಚ್ಚಿದ ಹಾಗೆ ಜೋಮು ಬೆರಳಲ್ಲೇ ಉಳೀತು. ಸೂಜಿಗೆ ದಾರ ಪೋಣಿಸೋಕಾಗದೆ ಕೂತಿದ್ದೆ, ಆದರೂ ಎರಡು ಸುತ್ತು ಡಾಕ್ಟರ ಹತ್ತಿರ ಬಾಯಿ ಬಿಡಲಿಲ್ಲ, ಔಷಧ ನಿಲ್ಲಿಸಿಬಿಟ್ಟರೆ ಅನ್ನೋ ಭಯಕ್ಕೆ. ನೀವು ಹಾಗೆ ಮಾಡಬೇಡಿ. "ಜೋಮು" ಅಂತಷ್ಟೇ ಹೇಳಿದರೆ ಅವರಿಗೆ ಅಂದಾಜು ಸಿಗಲ್ಲ, "ಹುಕ್ಸ್ ಹಾಕೋಕಾಗ್ತಿಲ್ಲ, ಗುಂಡುಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ" ಅನ್ನಿ. ನನಗೆ ಆ ಒಂದು ಔಷಧದ ಡೋಸ್ ಇಳಿಸಿದರು, ಉಳಿದದ್ದು ಹಾಗೇ ನಡೀತು. ಹುಕ್ಸು, ಕಾಜ, ಕೈಹೊಲಿಗೆ ಎಲ್ಲ ಈಗ ಪಕ್ಕದ ಬೀದಿಯ ಇಬ್ಬರು ಹೆಂಗಸರಿಗೆ ಪೀಸ್ ರೇಟಿನ ಮೇಲೆ ಹೋಗುತ್ತೆ. ಲಾಭ ಕಮ್ಮಿಯಾಗುತ್ತೆ, ಆಗಲಿ.

ಗಿರಾಕಿಗಳಿಗೆ ಹೇಳಬೇಕಾ? ಹಳಬರಿಗೆ ಹೇಳಿದೆ, ಹೊಸಬರಿಗೆ ತಾರೀಖು ಮಾತ್ರ ಹೇಳ್ತೀನಿ. ಹೇಳಿದ ದಿನದಿಂದ ಗೋಮೂತ್ರ, ಲಕ್ಷ್ಮಣಫಲ, ಯಾವುದೋ ಊರಿನ ನಾಟಿ ವೈದ್ಯ, ಎಲ್ಲ ಕೌಂಟರಿಗೇ ಬರುತ್ತೆ. "ಡಾಕ್ಟರನ್ನ ಕೇಳಿ ನೋಡ್ತೀನಿ" ಅಂದು ಅಳತೆ ಟೇಪ್ ತಗೊಂಡ್ರೆ ಮಾತು ಮುಗಿಯುತ್ತೆ.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ನನ್ನಂಥ ಎಪಿಎಲ್‌ನೋರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ 1.5 ಲಕ್ಷದವರೆಗೆ. ಅಂಗಡಿ ಖಾತೆಗೆ ಮಗಳನ್ನ ಜಂಟಿ ಮಾಡಿ, ಇಬ್ಬರಲ್ಲಿ ಯಾರು ಸಹಿ ಹಾಕಿದರೂ ನಡೆಯೋ ಹಾಗೆ ಬರೆಸಿದೆ. ನಾಮಿನಿ ಅಂದರೆ ದುಡ್ಡು ಕೈಗೆ ತಗೊಳ್ಳೋರು ಅಷ್ಟೇ, ವಾರಸುದಾರರೇ ಅಂತಲ್ಲ. ಯಾರಿಗೆ ಏನು ಅನ್ನೋದು ವಿಲ್‌ನಲ್ಲಿ ಇರಬೇಕು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿದರಾಯ್ತು, ರಿಜಿಸ್ಟರ್ ಕಡ್ಡಾಯ ಅಲ್ಲ. ಅಂಗಡಿ ಅಡ್ವಾನ್ಸು ನಮ್ಮಂಥೋರಿಗೆ ದೊಡ್ಡ ಗಂಟು. ಹನ್ನೊಂದು ತಿಂಗಳ ಅಗ್ರಿಮೆಂಟ್ ಹೊಸದು ಮಾಡುವಾಗ ಮಗಳ ಹೆಸರನ್ನೂ ಸೇರಿಸಿ ಅಂತ ಮಾಲೀಕರನ್ನ ಕೇಳಿದೆ. ಅವರು ಮುಖ ನೋಡಲಿಲ್ಲ, ಆದರೆ ಸೇರಿಸಿದರು.

ಕೊನೆಗೆ ಅಳತೆ ಬುಕ್ಕು. ಇಪ್ಪತ್ತು ವರ್ಷದ ಅಳತೆ ನನ್ನ ತಲೇಲೇ ಇತ್ತು, ಬರೆದದ್ದು ನನಗೊಬ್ಬಳಿಗೇ ಅರ್ಥ ಆಗೋ ಗೀಚು. ಯಾರ ಭುಜ ಒಂದು ಕಡೆ ಇಳಿದಿದೆ, ಯಾರಿಗೆ ತೋಳು ಬಿಗಿ ಆಗಬಾರದು, ಎಲ್ಲಾನೂ ಈಗ ಹುಡುಗಿ ಕೈಲಿ ಅವಳಿಗೆ ತಿಳಿಯೋ ಹಾಗೆ ಬರೆಸ್ತಿದ್ದೀನಿ, ದಿನಕ್ಕೆ ನಾಲ್ಕು ಪುಟ. ಕಪಾಟಿನ ಪ್ರತಿ ಸೀರೆ ಕವರಿಗೂ ಚೀಟಿ: ಹೆಸರು, ಫೋನು, ಕಟ್ ಆಗಿದೆಯೋ ಇಲ್ಲವೋ, ಅಡ್ವಾನ್ಸ್ ಎಷ್ಟು ಬಂದಿದೆ. ಚೀಟಿ ಅಂಟಿಸದೆ ಯಾವ ಬಟ್ಟೆಯೂ ಕಪಾಟಿಗೆ ಹೋಗಲ್ಲ. ಆ ಐದು ದಿನ ನಾನು ಆಸ್ಪತ್ರೆಯಲ್ಲಿದ್ದಾಗ ಒಬ್ಬರ ಧಾರೆ ಸೀರೆ ಯಾವ ಕವರಿನಲ್ಲಿದೆ ಅಂತ ಹುಡುಗಿ ರಾತ್ರಿ ಒಂಬತ್ತರವರೆಗೆ ಹುಡುಕಿದ್ದಳು.