ತೀರಿಕೊಂಡವರು ಮನೆಗೆ ಬಂದಿದ್ದರೆಂದು ಯಾರಾದರೂ ಹೇಳಿದಾಗ

ನಾನು ಮಂಗಳೂರಿನ ಆಸುಪಾಸಿನಲ್ಲಿ ಹಾಸಿಗೆ ಹಿಡಿದವರನ್ನು ಅವರವರ ಮನೆಯಲ್ಲೇ ಆರೈಕೆ ಮಾಡುವ ನರ್ಸ್. ಸಾವಾದ ಮನೆಗೆ ಕೆಲವು ವಾರ ಬಿಟ್ಟು ಮತ್ತೆ ಹೋದಾಗ, ಕಾಫಿ ಲೋಟ ಕೈಗಿಟ್ಟು, ಒಳಗಿನವರಿಗೆ ಕೇಳಿಸದಂತೆ ದನಿ ತಗ್ಗಿಸಿ ಯಾರಾದರೂ ಹೇಳುವುದುಂಟು: “ಸಿಸ್ಟರ್, ನಿನ್ನೆ ರಾತ್ರಿ ಇವರು ಬಂದಿದ್ದರು.” ಹಾಗೆ ಹೇಳುವವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡಲು ಇದನ್ನು ಬರೆಯುತ್ತಿದ್ದೇನೆ. ಇಂತಹ ಮಾತು ನಿಮ್ಮ ಮನೆಯಲ್ಲೂ ಒಂದು ದಿನ ಬಂದೀತು.

ಮೊದಲು, ತೀರ್ಪು ಕೊಡಬೇಡಿ. “ಅದೆಲ್ಲ ನಿಮ್ಮ ಭ್ರಮೆ” ಎಂದರೂ ಸರಿ, “ಅಯ್ಯೋ, ಅವರಿಗೆ ಮುಕ್ತಿ ಸಿಕ್ಕಿಲ್ಲ” ಎಂದರೂ ಸರಿ, ಹೇಳುತ್ತಿದ್ದವರು ಅಲ್ಲಿಗೇ ಬಾಯಿ ಮುಚ್ಚುತ್ತಾರೆ. “ಹೇಗಿದ್ದರು? ಎಲ್ಲಿ ನಿಂತಿದ್ದರು? ಆಮೇಲೆ?” ಎಂದಷ್ಟೇ ಕೇಳಿ. ಅತ್ತರೆ ಅಳಲು ಬಿಡಿ. ವೇಲ್ಸ್‌ನ ವೈದ್ಯರೊಬ್ಬರು ಸಂಗಾತಿಯನ್ನು ಕಳೆದುಕೊಂಡ 293 ಮಂದಿಯನ್ನು ಮಾತನಾಡಿಸಿ 1971ರಲ್ಲಿ ಒಂದು ವರದಿ ಪ್ರಕಟಿಸಿದರು. ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಸತ್ತವರು ಕಂಡಿದ್ದರು, ಅವರ ದನಿ ಕೇಳಿಸಿತ್ತು, ಅಥವಾ ಪಕ್ಕದಲ್ಲೇ ಇದ್ದಾರೆ ಅನ್ನಿಸಿತ್ತು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಬಹುಪಾಲು ಮಂದಿಗೆ ಅದರಿಂದ ಸಮಾಧಾನವೇ ಸಿಕ್ಕಿತ್ತು. ಇದನ್ನು ಓದಿದ ಮೇಲೆ, ಹೇಳಿಕೊಂಡವರ ಮಾತಿಗಿಂತ ಹೇಳಿಕೊಳ್ಳದವರ ಮೌನವೇ ನನ್ನನ್ನು ಹೆಚ್ಚು ಕಾಡಿದೆ.

ಕೇಳಿದ್ದನ್ನು ಅದೇ ದಿನ, ಅವರದೇ ಮಾತಿನಲ್ಲಿ ಬರೆದಿಡಿ. ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಕಂಡದ್ದು, ಕೇಳಿದ್ದು, ವಾಸನೆ ಮಾತ್ರ. ಬಲಗಡೆ ಅದರಿಂದ ಅವರಿಗೆ ಅನ್ನಿಸಿದ್ದು. “ಬಾಗಿಲ ಹತ್ತಿರ ಬಿಳಿ ಬನಿಯನ್, ಬೀಡಿಯ ವಾಸನೆ” ಎಡಕ್ಕೆ. “ನನ್ನನ್ನು ಕರೆದುಕೊಂಡು ಹೋಗಲು ಬಂದಿದ್ದರು” ಬಲಕ್ಕೆ. ಈ ಗೆರೆ ಬಹಳ ಮುಖ್ಯ. ನಾಲ್ಕು ಸಲ ಹೇಳುವಷ್ಟರಲ್ಲಿ ಬಲಗಡೆಯದು ಎಡಗಡೆಗೆ ಬಂದುಬಿಡುತ್ತದೆ. ಬನಿಯನ್ ಮಾತ್ರ ಕಂಡದ್ದು ಕೈಬೀಸಿ ಕರೆದದ್ದಾಗುತ್ತದೆ, ಮನೆಯವರೆಲ್ಲ ಹೆದರಿ ದೀಪ ಹಚ್ಚಿಟ್ಟು ಮಲಗುತ್ತಾರೆ. ಇನ್ನೂ ಒಂದು ವಿಷಯ ಕೇಳಿಕೊಳ್ಳಿ: ಮೊದಲು ಹೇಳಿದವರು ಯಾರು, ಉಳಿದವರಿಗೆ ಅದೇ ಅನುಭವವಾದದ್ದು ಆ ಮಾತು ಕಿವಿಗೆ ಬೀಳುವ ಮೊದಲೋ ಆಮೇಲೋ?

ಮುಂದಿನದು ದೇಹ. ಅಂಗಾತ ಮಲಗಿದ್ದರು, ಎಚ್ಚರವಾಗಿತ್ತು, ಕೈಕಾಲು ಆಡಲಿಲ್ಲ, ಎದೆಯ ಮೇಲೆ ಯಾರೋ ಕುಳಿತಂತಿತ್ತು ಎಂದರೆ, ಕನಸಿನ ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಂಡಿರುವಾಗಲೇ ಎಚ್ಚರವಾದಾಗ ಹೀಗಾಗುತ್ತದೆಂದು ತಿಳಿಸಿ. ಮಗ್ಗುಲಾಗಿ ಮಲಗುವುದು, ಹೊತ್ತಿಗೆ ಸರಿಯಾಗಿ ನಿದ್ರೆ ಮಾಡುವುದು ಇವೆರಡರಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ದೃಷ್ಟಿ ಮಂದವಾದ ಹಿರಿಯರಿಗೆ ಮನಸ್ಸು ನೆಟ್ಟಗಿದ್ದಾಗಲೂ ಇಲ್ಲದ ಜನ, ಇಲ್ಲದ ಮಕ್ಕಳು ಕಾಣುವುದುಂಟು. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬೊನೆ ತನ್ನ ಅಜ್ಜನಿಗೆ ಹೀಗಾದದ್ದನ್ನು 1760ರಲ್ಲೇ ಬರೆದಿಟ್ಟಿದ್ದಾನೆ, ಆ ಸ್ಥಿತಿಗೆ ಈಗಲೂ ಅವನದೇ ಹೆಸರು. ವಯಸ್ಸಾದವರು ಒಮ್ಮೆಲೇ ಗೋಡೆಯ ಕಡೆ ನೋಡಿ ಮಾತನಾಡತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಹೊಸದಾಗಿ ಶುರುವಾದ ಮಾತ್ರೆ, ಇವೆಲ್ಲ ಹಾಗೆ ಮಾಡಬಲ್ಲವು. ಜೋಯಿಸರಲ್ಲಿ ಪ್ರಶ್ನೆ ಇಡುವುದಿದ್ದರೆ ಅದು ಆಮೇಲೆ.

ಮನೆಯನ್ನೂ ಒಮ್ಮೆ ಸುತ್ತಿ ನೋಡಿ. ಹಂಚಿನ ಮಾಡು ರಾತ್ರಿ ತಣಿಯುವಾಗ ಟಕ್ಕೆನ್ನುತ್ತದೆ, ಅಟ್ಟದಲ್ಲಿ ಪುನುಗು ಬೆಕ್ಕು ಓಡಾಡುತ್ತದೆ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದು, ಮನೆಯವರಿಗೆಲ್ಲ ತಲೆನೋವು, ಮಂಪರು ಇದ್ದರೆ ಕಿಟಕಿ ತೆರೆಯಿರಿ, ಗೀಸರ್ ನಿಲ್ಲಿಸಿ. ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಇಷ್ಟೆಲ್ಲ ಆದ ಮೇಲೂ ಕೆಲವು ಹಾಗೆಯೇ ಉಳಿಯುತ್ತವೆ. ನನ್ನ ಅಮ್ಮನಿಗೆ ಹಲ್ಲಿರಲಿಲ್ಲ. ಎಲೆಯಡಿಕೆಯನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರು ತೀರಿಕೊಂಡ ವರ್ಷ, ಒಂದು ಬೆಳಗ್ಗೆ ನಾನು ಅಕ್ಕಿ ತೊಳೆಯುತ್ತಿರುವಾಗ ಚಾವಡಿಯಿಂದ ಆ ಸದ್ದು ಬಂತು. ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದ ಅತ್ತಿಗೆಗೆ ಕೇಳಿಸಲಿಲ್ಲ. ಕುಟ್ಟಾಣಿ ಕಪಾಟಿನಲ್ಲಿತ್ತು. ನನಗೆ ಜ್ವರವಿರಲಿಲ್ಲ, ನಿದ್ರೆಗೆಟ್ಟಿರಲಿಲ್ಲ. ಎಡಗಡೆ ಬರೆದುಕೊಂಡೆ: “ಟಕ್ ಟಕ್, ಸ್ವಲ್ಪ ಬಿಡುವು, ಮತ್ತೆ ಟಕ್, ಕೊನೆಗೆ ತಳ ಕೆರೆಯುವ ಸದ್ದು.” ಕೆರೆದು ಮುಗಿಸುವುದು ಅಮ್ಮನ ಅಭ್ಯಾಸ. ಬಲಗಡೆ ಏನೂ ಬರೆಯಲಿಲ್ಲ. ಇವತ್ತಿಗೂ ಅದು ಖಾಲಿ. ಖಾಲಿ ಬಿಡಲು ನೀವೂ ಅಂಜಬೇಡಿ.

ಇದರಿಂದ ದೈವದ ಮೇಲಿನ ನಂಬಿಕೆ ಗಟ್ಟಿಯಾಯಿತೇ ಎಂದು ಕೇಳುವವರಿದ್ದಾರೆ. ನಾವು ತುಳುನಾಡಿನವರು ತೀರಿಕೊಂಡ ಹಿರಿಯರನ್ನು ಕುಲೆಗಳೆನ್ನುತ್ತೇವೆ, ಮಳೆಗಾಲದ ಆಟಿ ತಿಂಗಳಲ್ಲಿ ಬಾಳೆಲೆ ಹಾಕಿ ಅವರಿಗೆ ಬಡಿಸುತ್ತೇವೆ. ಮದುವೆಯಾಗದೆ ತೀರಿಕೊಂಡ ಮಕ್ಕಳಿಗೆ ಕುಲೆ ಮದುವೆಯನ್ನೂ ಮಾಡುತ್ತೇವೆ. ನಮ್ಮ ನೆರೆಯ ಕ್ರೈಸ್ತರು ನವೆಂಬರ್ 2ರಂದು ಗೋರಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಸದ್ದು ಕೇಳಿಸಿದ್ದಕ್ಕೆ ಇದನ್ನು ಯಾರೂ ಶುರುಮಾಡಿದ್ದಲ್ಲ. ಅಮ್ಮನ ಕುಟ್ಟಾಣಿ ಕೇಳಿಸದಿದ್ದರೂ ನಾನು ಆಟಿಯಲ್ಲಿ ಬಾಳೆಲೆ ಹಾಕುತ್ತಿದ್ದೆ. ನಾಳೆ ಯಾರಾದರೂ ಆ ಸದ್ದಿಗೆ ಕಾರಣ ಹುಡುಕಿಕೊಟ್ಟರೂ ಹಾಕುತ್ತೇನೆ. ನಂಬಿಕೆಯನ್ನು ಅನುಭವವೊಂದಕ್ಕೆ ಕಟ್ಟಿಹಾಕಿದರೆ ಮತ್ತೆ ಮತ್ತೆ ಗುರುತು ಬೇಕಾಗುತ್ತದೆ, ಗುರುತು ಸಿಗದ ದಿನ ದೇವರೇ ಕೈಬಿಟ್ಟನೆಂದು ಅನ್ನಿಸುತ್ತದೆ. ಅಂತಹ ಮನೆಗಳನ್ನು ನೋಡಿದ್ದೇನೆ, ಅಲ್ಲಿನ ದುಃಖ ಎರಡು ಪಟ್ಟು.

ಹಾಗಾಗಿ ಶಾಂತಿ, ಪೂಜೆ, ಪ್ರಾರ್ಥನೆ ಮಾಡಿಸುವುದಿದ್ದರೆ ಖಂಡಿತ ಮಾಡಿಸಿ. ಆದರೆ ಸಾಲ ಮಾಡಬೇಡಿ, “ಇದನ್ನು ಮಾಡಿಸದಿದ್ದರೆ ಇನ್ನೊಂದು ಸಾವು” ಎನ್ನುವವರ ಬಳಿ ಎರಡನೆಯ ಸಲ ಹೋಗಬೇಡಿ. ಮೈಮೇಲೆ ಬಂದದ್ದನ್ನು ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಕರ್ನಾಟಕದ 2017ರ ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಸತ್ತವರ ದನಿ ಅಪ್ಪಣೆ ಕೊಡತೊಡಗಿದರೆ, ಊಟ ನಿದ್ರೆ ಬಿಟ್ಟುಹೋದರೆ, “ನಾನೂ ಅವರ ಹತ್ತಿರ ಹೋಗುತ್ತೇನೆ” ಎಂಬ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಮಕ್ಕಳ ಮುಂದೆ ಪಿಸುಗುಟ್ಟಬೇಡಿ. “ಅಜ್ಜಿ ಬಂದಿದ್ದರಾ?” ಎಂದು ಮಗು ಕೇಳಿದರೆ, “ನನಗೆ ಅಜ್ಜಿಯ ಕುಟ್ಟಾಣಿಯ ಸದ್ದು ಕೇಳಿಸಿತು, ಹೇಗೆಂದು ಗೊತ್ತಿಲ್ಲ, ಹೆದರಿಕೆಯಾಗಲಿಲ್ಲ” ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿ. ಅದಕ್ಕೂ ಏನಾದರೂ ಕೇಳಿಸಿದ್ದರೆ ಆಗಲೇ ಹೇಳುತ್ತದೆ. ಅದನ್ನೂ ಎಡಗಡೆ ಬರೆದುಕೊಳ್ಳಿ.